ಅಕ್ಕನ ಹಲ್ಲು, ಫ್ರಿಜ್ಜಿನ ಸಿಮೆಂಟು

ಅಕ್ಕನ ಮುಂದಿನ ಹಲ್ಲು ಮುರಿದದ್ದು ಕೋಡುಬಳೆಯಿಂದ ಎಂದು ನಮ್ಮವರೆಲ್ಲ ಇವತ್ತಿಗೂ ಹೇಳುತ್ತಾರೆ. ಕೋಡುಬಳೆ ಮಾಡಿದವಳು ನಾನು. ಹಾಗಾಗಿ ಆ ಮಾತು ಬಂದಾಗಲೆಲ್ಲ ನನ್ನದೊಂದು ತಕರಾರು ಇದ್ದೇ ಇರುತ್ತದೆ. ಕೋಡುಬಳೆ ಗರಿಗರಿಯಾಗಿತ್ತು, ಕಲ್ಲಾಗಿರಲಿಲ್ಲ. ಹಲ್ಲು ಅದಕ್ಕೂ ಎಷ್ಟೋ ವರ್ಷ ಮೊದಲೇ ಸವೆದಿತ್ತು. ಮದುವೆಯಾಗಿ ಭದ್ರಾವತಿಯ ಓಲ್ಡ್ ಟೌನಿಗೆ ಹೋದಾಗಿನಿಂದ ಅಕ್ಕ ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಾಳೆ. ಕತ್ತರಿ ತೊಡೆಯ ಪಕ್ಕದಲ್ಲೇ ಇರುತ್ತದೆ. ಆದರೂ ರೇಷ್ಮೆ ದಾರವನ್ನು ಕಡಿಯುವುದು ಹಲ್ಲಿನಿಂದಲೇ. ಹಲ್ಲಿನ ಅಂಚಿನಲ್ಲಿ ದಾರ ಕೂರುವಷ್ಟು ಸಣ್ಣ ಗೀರು ಬಿದ್ದಿತ್ತು. ನಕ್ಕರೆ ಕಾಣುತ್ತಿತ್ತು. ನಮಗೆಲ್ಲ ಅದು ಅವಳ ನಗೆಯ ಭಾಗವೇ ಆಗಿ ಹೋಗಿತ್ತು, ಯಾರೂ ಅದನ್ನು ಬಿರುಕು ಎಂದುಕೊಂಡಿರಲಿಲ್ಲ.

ಅಕ್ಕ ಹಾಡುತ್ತಾಳೆ. ಹಾಡುತ್ತಿದ್ದಳು ಎಂದು ಬರೆಯಬೇಕು, ಕೈ ಒಪ್ಪುವುದಿಲ್ಲ.

ವಚನ ಹಾಡುವುದು ನಮ್ಮ ತವರಿನಲ್ಲಿ ದೊಡ್ಡ ಸಂಗತಿಯೇನಲ್ಲ. ಸಂಜೆ ವಿಭೂತಿ ಹಚ್ಚಿಕೊಂಡು ಕೂತರೆ ಎಲ್ಲರ ಬಾಯಲ್ಲೂ ಒಂದೊಂದು ಬರುತ್ತಿತ್ತು. ಆದರೆ ಅಕ್ಕ ಹಾಡಿದರೆ ಅಪ್ಪ ಓದುತ್ತಿದ್ದ ಪೇಪರು ಮಡಚುತ್ತಿದ್ದರು. ಅವಳದು ಜೇನಿನಂಥ ಕಂಠವಲ್ಲ. ಸ್ವಲ್ಪ ಒರಟು, ಹದವಾಗಿ ಹುರಿದ ರವೆಯ ಹಾಗೆ. ಅವಳ ವಿಶೇಷವೆಂದರೆ ಮಾತು. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಬಂದು ಎದುರಿಗೆ ಕೂರುತ್ತಿತ್ತು. ರಾಗ ಯಾವುದೆಂದು ಗೊತ್ತಿಲ್ಲದವರಿಗೂ ಅರ್ಥ ಮೊದಲು ತಲುಪುತ್ತಿತ್ತು, ರಾಗ ಹಿಂದಿನಿಂದ ಬರುತ್ತಿತ್ತು. ಓಲ್ಡ್ ಟೌನಿನಲ್ಲಿ ಸೋಮವಾರ ಸಂಜೆ ಹೆಂಗಸರೆಲ್ಲ ಸೇರಿ ಹಾಡುವ ಹಜಾರವೊಂದಿದೆ. ಅಲ್ಲಿ ಅವಳ ಸರದಿ ಬಂದಾಗ ಚಪ್ಪಲಿ ಬಿಡುವ ಜಾಗದಲ್ಲಿ ಹರಟುತ್ತಿದ್ದವರೂ ಒಳಗೆ ಬಂದು ಕೂರುವುದನ್ನು ನಾನೇ ನೋಡಿದ್ದೇನೆ.

ರೇಡಿಯೋದಲ್ಲಿ ಹಾಡಬೇಕೆಂಬುದು ಅವಳ ಹಳೆಯ ಆಸೆ. ಹುಡುಗಿಯಾಗಿದ್ದಾಗ ಅರ್ಜಿ ಹಾಕಿದಳು, ಕರೆ ಬರುವ ಹೊತ್ತಿಗೆ ಮದುವೆ ಗೊತ್ತಾಯಿತು. ಮತ್ತೊಮ್ಮೆ ಹಾಕಿದಾಗ ಅತ್ತೆ ಹಾಸಿಗೆ ಹಿಡಿದರು. ಆಮೇಲೆ ಅವಳು ಆ ವಿಷಯ ಎತ್ತಲೇ ಇಲ್ಲ. ಕಾರ್ಖಾನೆಯ ಕೆಲಸದಿಂದ ನಿವೃತ್ತರಾಗಿ ಮನೆಯಲ್ಲಿ ಕೂತ ಭಾವ, ಮಾಡಲು ಬೇರೇನೂ ತೋಚದೆ, ಅವಳಿಗೆ ಗೊತ್ತಿಲ್ಲದ ಹಾಗೆ ಮೂರನೇ ಅರ್ಜಿ ಹಾಕಿದರು. ಧ್ವನಿ ಪರೀಕ್ಷೆಗೆ ಕರೆದರು. ಪಾಸಾದಳು. ಚೈತ್ರ ಮಾಸದ ಒಂದು ಸೋಮವಾರ ಬೆಳಿಗ್ಗೆ ಬಂದು ಮೂರು ವಚನ ಹಾಡಬೇಕೆಂದು ಹೇಳಿದರು. ಐವತ್ತು ದಾಟಿದ ಅಕ್ಕ ಫೋನಿನಲ್ಲಿ ನನಗೆ ಇದನ್ನು ಹೇಳುವಾಗ ದನಿ ಎಷ್ಟು ತಗ್ಗಿಸಿದ್ದಳೆಂದರೆ, ಏನೋ ಕೆಟ್ಟ ಸುದ್ದಿಯಿರಬೇಕೆಂದು ನಾನು ಗ್ಯಾಸ್ ಆರಿಸಿ ಕೂತೆ.

ಆ ಸಂಭ್ರಮಕ್ಕೇ ನಾನು ಕೋಡುಬಳೆ ಒಯ್ದದ್ದು. ಮೊದಲನೆಯದನ್ನೇ ಕಚ್ಚಿದಳು. ಕಟ್ ಎಂದಿತು. ನಾವು ಅದು ಕೋಡುಬಳೆಯ ಸದ್ದೆಂದುಕೊಂಡೆವು.

ಅರ್ಧ ಹಲ್ಲು ಅಂಗೈಯಲ್ಲಿಟ್ಟುಕೊಂಡು ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಗಾಳಿ ಬಂತು.

"ಸೀಟಿ ಹೊಡೀತಿದಾಳೆ ನಿಮ್ಮಕ್ಕ," ಎಂದರು ಭಾವ. "ಕಾರ್ಖಾನೆ ಸೈರನ್ ನಿಂತೋಯ್ತಲ್ಲ ಅಂತ ಬೇಜಾರಾಗಿತ್ತು ನಂಗೆ. ಇನ್ ಪರವಾಗಿಲ್ಲ ಬಿಡು."

"ನಗ್ಬೇಡಿ ಮಾರಾಯ್ರೆ," ಎಂದಳು ಅಕ್ಕ, ಕೈಯಿಂದ ಬಾಯಿ ಮುಚ್ಚಿಕೊಂಡು. ತಾನೂ ನಗುತ್ತಿದ್ದಳು. ರೆಕಾರ್ಡಿಂಗಿಗೆ ಆವಾಗ ಇನ್ನೂ ಸಾಕಷ್ಟು ದಿನಗಳಿದ್ದವು.

ನಾನಿರುವುದು ಶಿವಮೊಗ್ಗದ ವಿನೋಬನಗರದಲ್ಲಿ. ಮನೆಯ ಮುಂಭಾಗದ ಕೋಣೆಯಲ್ಲಿ ಚಟ್ನಿಪುಡಿ, ಸಂಡಿಗೆ, ಕೋಡುಬಳೆ ಮಾಡಿ ಮಾರುತ್ತೇನೆ. ನಮ್ಮ ರಸ್ತೆಯ ತಿರುವಿನಲ್ಲೇ ಹಲ್ಲಿನ ಕ್ಲಿನಿಕ್ಕು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ನನ್ನಲ್ಲಿ ಚಟ್ನಿಪುಡಿ ಒಯ್ಯುತ್ತಾಳೆ. ಅಕ್ಕನನ್ನು ಅಲ್ಲಿಗೇ ಕರೆದುಕೊಂಡು ಹೋದೆ. ಬೇರಿನ ಚಿಕಿತ್ಸೆ ಆಯಿತು, ಉಳಿದ ಹಲ್ಲನ್ನು ಅರೆದು ಮೊಳೆಯಷ್ಟು ಮಾಡಿದ್ದಾಯಿತು, ಅಚ್ಚು ತೆಗೆದದ್ದಾಯಿತು. ಒಳಗೆ ಲೋಹ, ಮೇಲೆ ಪಿಂಗಾಣಿ ಇರುವ ಕ್ಯಾಪು ತಯಾರಾಗಿ ಬರುವವರೆಗೆ ತಾತ್ಕಾಲಿಕವಾಗಿ ಒಂದು ಪ್ಲಾಸ್ಟಿಕ್ಕಿನ ಕ್ಯಾಪು ಕೂರಿಸಿದಳು. ಅದನ್ನು ಹಾಕಿಕೊಂಡೇ ಅಕ್ಕ ಕುರ್ಚಿಯಲ್ಲಿ ಅರ್ಧ ಮಲಗಿ ಎರಡು ಸಾಲು ಹಾಡಿ ತೋರಿಸಿದಳು. ಡಾಕ್ಟರು ಮಾಸ್ಕು ಕೆಳಗೆಳೆದು, "ಆಂಟಿ, ಇದನ್ನ ರೇಡಿಯೋದಲ್ಲಿ ಕೇಳ್ದಾಗ ನಾನು ಎಲ್ರಿಗೂ ಹೇಳ್ತೀನಿ, ಆ ಹಲ್ಲು ನಂದು ಅಂತ," ಎಂದಳು.

ಸಿಮೆಂಟಿನ ಕತೆ ನಮಗೆ ಗೊತ್ತಾದದ್ದೂ ಅವತ್ತೇ. ಕ್ಲಿನಿಕ್ಕಿನ ಮೂಲೆಯಲ್ಲಿ ಒಂದು ಪುಟ್ಟ ಫ್ರಿಜ್ಜಿತ್ತು. ಅದರಲ್ಲಿ ಏನಿಡುತ್ತೀರಿ ಎಂದು ನಾನು ಕೇಳಿದೆ. ಅಡುಗೆಯವಳ ಕುತೂಹಲ.

"ಸಿಮೆಂಟು ಆಂಟಿ," ಎಂದಳು. "ಕ್ಯಾಪ್ ಅಂಟಿಸ್ತೀವಲ್ಲ, ಅದು."

ಹಿಂದಿನ ಬೇಸಿಗೆಯಲ್ಲಿ ಕರೆಂಟು ಹೋಗಿ, ಕೋಣೆ ಕಾದ ಕಾವಲಿಯಂತಾಗಿದ್ದಾಗ ಯಾರಿಗೋ ಕ್ಯಾಪು ಕೂರಿಸುತ್ತಿದ್ದಳಂತೆ. ಸಿಮೆಂಟು ಅರ್ಧದಲ್ಲೇ ಗಟ್ಟಿಯಾಗಿ ಕ್ಯಾಪು ಪೂರ್ತಿ ಕೂರದೆ ಎತ್ತರದಲ್ಲೇ ಸಿಕ್ಕಿಕೊಂಡಿತಂತೆ. ಆ ಮನುಷ್ಯ ಬಾಯಿ ಮುಚ್ಚಲಾಗದೆ ಕೂತಿದ್ದನಂತೆ. ಕೊನೆಗೆ ಕ್ಯಾಪನ್ನೇ ಕೊರೆದು ತೆಗೆಯಬೇಕಾಯಿತು. ಅಂದಿನಿಂದ ಬೇಸಿಗೆ ಬಂತೆಂದರೆ ಸಿಮೆಂಟು ಫ್ರಿಜ್ಜಿಗೆ.

"ಇದು ಎರಡು ಪೇಸ್ಟು. ಸೇರಿದ ಕೂಡ್ಲೇ ಗಟ್ಟಿಯಾಗಕ್ಕೆ ಶುರುವಾಗುತ್ತೆ. ಸೆಕೆಯಲ್ಲಿ ಓಡುತ್ತೆ, ತಣ್ಣಗಿದ್ರೆ ತೆವಳುತ್ತೆ. ಅದಕ್ಕೇ ಅಂಟಿಸೋದಕ್ಕೆ ಒಂದು ಗಂಟೆ ಮೊದ್ಲೇ ಹೊರಗಡೆ ಇಟ್ಟಿರ್ತೀನಿ. ಕೋಣೆಯ ಹದಕ್ಕೆ ಬರ್ಬೇಕು."

"ಆ ನೀಲಿ ಲೈಟು ಹಾಕ್ತೀರಲ್ಲ, ಅದ್ರಿಂದ ಗಟ್ಟಿಯಾಗಲ್ವಾ?" ಎಂದು ಅಕ್ಕ ಕೇಳಿದಳು.

"ಅದು ಅಂಚಿಗಷ್ಟೇ ಆಂಟಿ. ನಿಮ್ಮ ಕ್ಯಾಪ್ ಒಳಗಡೆ ಲೋಹ ಇದೆಯಲ್ಲ, ಲೈಟ್ ಒಳಗೆ ಹೋಗಲ್ಲ. ಒಳಗಿಂದು ತಾನಾಗೇ ಗಟ್ಟಿಯಾಗ್ಬೇಕು."

"ಮೊಸರಿಗೆ ಹೆಪ್ಪು ಹಾಕ್ದಂಗೆ," ಎಂದೆ ನಾನು.

"ಹೂಂ, ಹಾಗೇ ಅನ್ಕೊಳ್ಳಿ," ಎಂದು ನಕ್ಕಳು.

ನಾನು ಹಾಗೇ ಅಂದುಕೊಂಡೆ. ಹೆಪ್ಪಿನ ವಿಷಯ ನನಗೆ ಯಾರೂ ಕಲಿಸಬೇಕಾಗಿಲ್ಲ. ಮಾಗಿಯಲ್ಲಿ ಹಾಲು ಒಂದಿಷ್ಟು ಹೆಚ್ಚು ಬೆಚ್ಚಗಿರುವಾಗಲೇ ಹೆಪ್ಪು ಹಾಕಿ, ಪಾತ್ರೆಗೆ ಹಳೆಯ ಟವೆಲು ಸುತ್ತಿ, ಒಲೆಯ ಪಕ್ಕ ಇಡಬೇಕು. ಬೇಸಿಗೆಯಲ್ಲಿ ಮರೆತು ಮಲಗಿದರೆ ಬೆಳಿಗ್ಗೆಗೆ ಹುಳಿ. ಫ್ರಿಜ್ಜಿನಿಂದ ತೆಗೆದ ದೋಸೆಹಿಟ್ಟನ್ನು ತಕ್ಷಣ ಹುಯ್ದರೆ ಅದು ಕಾವಲಿಯ ಮೇಲೆ ಹರಡುವುದಿಲ್ಲ, ಮುದ್ದೆಯಾಗಿ ನಿಲ್ಲುತ್ತದೆ. ಇದೆಲ್ಲ ಕೈಗೆ ಗೊತ್ತಿರುವ ಸಂಗತಿ. ಅಕ್ಕನ ಕೈಗೂ ಗೊತ್ತಿತ್ತು.

ಕ್ಯಾಪು ತಯಾರಾಗಿ ಬಂತು. ಶುಕ್ರವಾರ ಹನ್ನೊಂದೂವರೆಗೆ ಬನ್ನಿ ಎಂದು ಡಾಕ್ಟರು ಹೇಳಿದಳು. ಹತ್ತು ಗಂಟೆಗೆ ಕ್ಲಿನಿಕ್ಕು ತೆರೆದ ಕೂಡಲೇ ಸಿಮೆಂಟನ್ನು ಹೊರಗಿಡುವುದು, ಹನ್ನೊಂದೂವರೆಗೆ ಅಕ್ಕನ ಹಲ್ಲಿಗೆ ಕೂರಿಸುವುದು, ಅವಳ ಲೆಕ್ಕ ಸರಿಯಾಗಿಯೇ ಇತ್ತು. ರೆಕಾರ್ಡಿಂಗ್ ಸೋಮವಾರ.

ಶುಕ್ರವಾರ ಬೆಳಿಗ್ಗೆ ನಾನು ಮೆಣಸಿನಕಾಯಿ ಹುರಿಯುತ್ತಿದ್ದೆ. ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಅಕ್ಕ, ಮೂಗಿಗೆ ಸೆರಗು ಹಿಡಿದು ನಿಂತಿದ್ದಾಳೆ.

"ಇಷ್ಟು ಬೇಗ ಯಾಕೆ ಬಂದ್ಯೇ? ಹನ್ನೊಂದೂವರೆಗಲ್ವಾ?"

"ಹತ್ತೂವರೆಯಿಂದ ಹನ್ನೆರಡರತನಕ ರಾಹುಕಾಲ ಕಣೇ. ನಿನ್ನೆ ಮಲಗೋಕೆ ಮುಂಚೆ ಕ್ಯಾಲೆಂಡರ್ ನೋಡ್ದೆ, ಎದೆ ಧಸಕ್ ಅಂತು. ಅದು ಶುರುವಾಗೋದ್ರೊಳಗೆ ಮುಗಿಸ್ಕೊಂಡ್ ಬಿಡೋಣ, ನಡಿ."

"ಹಾಡೋದು ಶರಣರ ವಚನ, ನೋಡೋದು ರಾಹುಕಾಲ," ಎಂದೆ. ಇದು ಭಾವನ ಮಾತು. ಘಳಿಗೆ ಮುಹೂರ್ತ ಎಲ್ಲ ಸುಳ್ಳು ಎನ್ನುವ ವಚನಗಳನ್ನೇ ಅಕ್ಕ ಎದೆ ತುಂಬಿ ಹಾಡುತ್ತಾಳೆ, ಹಾಡಿ ಮುಗಿಸಿ ಕ್ಯಾಲೆಂಡರ್ ನೋಡಿ ಹೊಸ್ತಿಲು ದಾಟುತ್ತಾಳೆ ಎಂದು ಅವರು ಯಾವಾಗಲೂ ಕೆಣಕುತ್ತಿದ್ದರು.

"ಹಾಡೋಳು ನಾನು. ಹಲ್ಲು ಬಿದ್ರೆ ಶರಣರು ಬಂದು ಹಿಡ್ಕೋತಾರಾ? ನಡಿಯೇ ಸಾಕು."

ಅವಳನ್ನು ಆಡಿಕೊಳ್ಳುವುದು ಸುಲಭ. ಮೊದಲ ಸಲ ತಪ್ಪಿತು, ಎರಡನೆಯ ಸಲ ತಪ್ಪಿತು, ಮೂರನೆಯದು ಕೈಗೆ ಬರುವ ಹೊತ್ತಿಗೆ ಹಲ್ಲು ಮುರಿಯಿತು. ಅಂಥವಳು ಒಂದೂವರೆ ಗಂಟೆಯ ಅಪಾಯವನ್ನೂ ಮೈಮೇಲೆ ಹಾಕಿಕೊಳ್ಳಲು ಸಿದ್ಧಳಿರಲಿಲ್ಲ. ನಾನು ಒಲೆ ಆರಿಸಿ ಸೀರೆ ಬದಲಿಸಿದೆ.

ನಾವು ಹೋದಾಗ ಡಾಕ್ಟರು ಷಟರ್ ಎತ್ತಿ ಒಳಗೆ ಕಾಲಿಟ್ಟಿದ್ದಳಷ್ಟೇ. ಚೈತ್ರದ ಬಿಸಿಲು ಆಗಲೇ ರಸ್ತೆಯ ಮೇಲೆ ಕುದಿಯುತ್ತಿತ್ತು. ಅಕ್ಕ ಬಸ್ಸಿನಲ್ಲಿ ನಿಂತು ಬಂದು ಬೆವರಿ ನೆಂದಿದ್ದಳು. "ಆ ಏಸಿ ಒಂಚೂರು ಹಾಕಮ್ಮ," ಎಂದಳು. ಡಾಕ್ಟರು ಏಸಿ ಹಾಕಿದಳು. ಫ್ರಿಜ್ಜು ತೆರೆದು, ಎರಡು ನಳಿಕೆಗಳನ್ನು ಜೋಡಿಸಿರುವ ದಪ್ಪ ಸಿರಿಂಜಿನಂಥದ್ದೊಂದನ್ನು ತೆಗೆದು ತಟ್ಟೆಯ ಮೇಲಿಟ್ಟಳು. ನೋಡುತ್ತಿದ್ದಂತೆಯೇ ಅದರ ಮೈಮೇಲೆ ಸಣ್ಣಗೆ ನೀರು ಮೂಡಿತು.

"ಕೂತ್ಕೊಳ್ಳಿ ಆಂಟಿ. ಕಾಫಿ ತರಿಸ್ತೀನಿ. ಇದು ಹದಕ್ಕೆ ಬರ್ಲಿ."

ಅಕ್ಕ ಕೂರಲಿಲ್ಲ. "ಈಗ್ಲೇ ಆಗಲ್ವಾ?"

"ಈಗಷ್ಟೇ ತೆಗ್ದಿದೀನಲ್ಲ. ಒಂದು ಗಂಟೆ ಬೇಕು."

"ಒಂದು ಗಂಟೆ ಅಂದ್ರೆ ರಾಹುಕಾಲ ಬರುತ್ತೆ."

"ಹಾಗಾದ್ರೆ ಅದು ಮುಗಿದ್ಮೇಲೆ ಮಾಡೋಣ. ಹನ್ನೆರಡಕ್ಕೆ. ಇನ್ನೂ ಒಳ್ಳೇದೇ."

ಅಕ್ಕ ನನ್ನ ಮುಖ ನೋಡಿದಳು. ಹನ್ನೊಂದೂವರೆಯೇ ಅವಳಿಗೆ ಬಿಗಿಯಾಗಿತ್ತು, ಹನ್ನೆರಡಕ್ಕೆ ಶುರು ಮಾಡಿದರೆ ಮುಗಿಯುವುದು ಯಾವಾಗ, ಬಸ್ಸು ಹಿಡಿಯುವುದು ಯಾವಾಗ? ಮಧ್ಯಾಹ್ನ ಹಾರ್ಮೋನಿಯಂ ಮೇಷ್ಟ್ರು ಅಭ್ಯಾಸಕ್ಕೆ ಮನೆಗೆ ಬರುವವರಿದ್ದರು. ವಯಸ್ಸಾದವರು, ಕಾಯಿಸಿದರೆ ಎದ್ದು ಹೋಗುವ ಪೈಕಿ. ಅವಳ ಮುಖದಲ್ಲಿ ಬಸ್ಸು, ಮೇಷ್ಟ್ರು, ರಾಹು ಎಲ್ಲ ಒಟ್ಟಿಗೆ ಓಡಾಡುತ್ತಿದ್ದುದು ನನಗೆ ಕಾಣುತ್ತಿತ್ತು.

"ತಾಯಿ, ಇಷ್ಟು ಸೆಕೆಗೆ ಬೆಚ್ಚಗಾಗದೆ ಏನಾಗುತ್ತೆ? ಬಾಯಲ್ಲೂ ಬಿಸಿ ಇರುತ್ತಲ್ಲ. ಒಳಗೆ ಹೋಗಿ ಬೆಚ್ಚಗಾಗುತ್ತೆ. ಬೇಗ ಮಾಡ್ಬಿಡಮ್ಮ, ನಿಂಗೆ ಕೈ ಮುಗೀತೀನಿ."

ತಾಯಿಯ ವಯಸ್ಸಿನವಳು ಕೈ ಮುಗಿಯುತ್ತೇನೆಂದರೆ ಆ ಹುಡುಗಿ ತಾನೇ ಏನು ಮಾಡಿಯಾಳು? ಗೋಡೆಯ ಗಡಿಯಾರ ನೋಡಿದಳು. ಸಿರಿಂಜನ್ನು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು, ಚಳಿಯಲ್ಲಿ ಕೈ ಉಜ್ಜುವಂತೆ ಉಜ್ಜತೊಡಗಿದಳು. ಕೆನ್ನೆಗೆ ತಾಗಿಸಿ ನೋಡಿದಳು. ಮತ್ತೆ ಉಜ್ಜಿದಳು. "ನೀವು ಬಿಡೋರಲ್ಲ ಆಂಟಿ," ಎಂದಳು. ಹೊರಗೆ ಟಾರು ಮೆತ್ತಗಾಗುವಂಥ ಬಿಸಿಲು. ಒಳಗೆ ಏಸಿಯ ತಣ್ಣನೆ ಗಾಳಿಯಲ್ಲಿ ಒಬ್ಬಳು ಸಿಮೆಂಟಿಗೆ ಶಾಖ ಕೊಡುತ್ತಿದ್ದಾಳೆ. ನನಗೆ ಅದು ತಮಾಷೆಯಾಗಿ ಕಂಡಿತ್ತು.

ಹತ್ತೂವರೆಗೆ ಇನ್ನೂ ಸ್ವಲ್ಪ ಹೊತ್ತಿರುವಾಗ ಹಲ್ಲು ಕೂತಿತು. ನೀಲಿ ಲೈಟು ಹಾಕಿದಳು, ಅಂಚಿನಲ್ಲಿ ಉಳಿದದ್ದನ್ನು ಕೆರೆದಳು, ಇವತ್ತು ಗಟ್ಟಿಯಾದದ್ದೇನೂ ಕಚ್ಚಬೇಡಿ ಎಂದಳು. ಅಕ್ಕ ಕನ್ನಡಿಯಲ್ಲಿ ಹಲ್ಲು ನೋಡಿಕೊಂಡಳು. ಗೀರಿಲ್ಲದ ಹೊಸ ಹಲ್ಲು. ಒಂದು ಸಾಲು ಮೆಲ್ಲಗೆ ಹಾಡಿಕೊಂಡಳು. ಅಕ್ಷರಗಳು ಮೊದಲಿನಂತೆ ಒಂದೊಂದಾಗಿ ಬಂದು ಕೂತವು. ನಾವು ಹೊಸ್ತಿಲು ದಾಟಿದ ಮೇಲೆ, "ಗೆದ್ದೆ ನೋಡೇ," ಎಂದು ನನ್ನ ತೋಳು ಹಿಂಡಿದಳು.

ಶನಿವಾರ, ಭಾನುವಾರ ಎರಡೂ ದಿನ ಫೋನು ಮಾಡಿದೆ. ಹಲ್ಲು ಹೇಗಿದೆ ಎಂದರೆ ಹಲ್ಲಾ, ಯಾವ ಹಲ್ಲು, ಎನ್ನುತ್ತಿದ್ದಳು.

ಸೋಮವಾರ ನಾನು ಬೆಳಗಿನ ಬಸ್ಸಿಗೆ ಭದ್ರಾವತಿಗೆ ಹೋದೆ. ಅಕ್ಕ ತನ್ನ ಕೈಯಾರೆ ಕುಚ್ಚು ಕಟ್ಟಿದ ಹಸಿರು ಇಳಕಲ್ ಉಟ್ಟಿದ್ದಳು. "ರೇಡಿಯೋದಲ್ಲಿ ಸೀರೆ ಕಾಣಲ್ಲ ಮಾರಾಯ್ತಿ," ಎಂದು ಭಾವ ದಾರಿಯುದ್ದಕ್ಕೂ ಹೇಳುತ್ತಿದ್ದರು. ಹೇಳುತ್ತಲೇ ತಮ್ಮ ಇಸ್ತ್ರಿಯ ಅಂಗಿ ಮುದುಡದಂತೆ ಆಟೋದಲ್ಲಿ ನೆಟ್ಟಗೆ ಕೂತಿದ್ದರು.

ರೇಡಿಯೋ ಸ್ಟೇಷನ್ನಿನಲ್ಲಿ ದಪ್ಪ ಗಾಜಿನ ಈಚೆ ನಮ್ಮನ್ನು ಕೂರಿಸಿದರು. ಆಚೆ ಅಕ್ಕ, ಹಾರ್ಮೋನಿಯಂ ಮೇಷ್ಟ್ರು, ತಬಲಾದವರು. ಕೆಂಪು ದೀಪ ಹತ್ತಿತು. ಮೊದಲ ವಚನ ಒಂದೇ ಉಸಿರಿನಲ್ಲಿ ಎಂಬಂತೆ ಬಂತು. ರೆಕಾರ್ಡು ಮಾಡುತ್ತಿದ್ದವರು ನಮ್ಮ ಕಡೆ ತಿರುಗಿ, ತಲೆದೂಗಿ, ಹೆಬ್ಬೆರಳು ಎತ್ತಿದರು. ಭಾವ ಕರ್ಚೀಫು ತೆಗೆದು ಕನ್ನಡಕ ಒರೆಸಿಕೊಂಡರು.

ಎರಡನೆಯದರ ನಡುವೆ ಅಕ್ಕ ನಿಂತಳು.

ಬಾಯಿ ಮುಚ್ಚಿದ್ದಾಳೆ. ಕಣ್ಣು ಅರಳಿದೆ. ಹಾರ್ಮೋನಿಯಂ ಇನ್ನೊಂದೆರಡು ಸ್ವರ ಮುಂದೆ ಹೋಗಿ ತಾನೂ ನಿಂತಿತು.

"ಯಾಕಮ್ಮ? ನೀರು ಬೇಕಾ?" ಎಂದು ಮೈಕಿನಲ್ಲಿ ಕೇಳಿದರು.

ಅಕ್ಕ ತಲೆಯಾಡಿಸಿದಳು. ಸೆರಗು ಮುಖಕ್ಕೆ ಅಡ್ಡ ಹಿಡಿದು, ಎರಡು ಬೆರಳಿನಿಂದ ಬಾಯೊಳಗಿನಿಂದ ಏನನ್ನೋ ತೆಗೆದಳು. ಅದನ್ನು ನೋಡಲಿಲ್ಲ. ಸೆರಗಿನ ತುದಿಗೆ ಕಟ್ಟಿ ಗಂಟು ಹಾಕಿದಳು. ಸಂತೆಯಲ್ಲಿ ಹೆಂಗಸರು ಚಿಲ್ಲರೆ ಕಟ್ಟಿಕೊಳ್ಳುವ ಹಾಗೆ, ನಿಧಾನವಾಗಿ. ಆಮೇಲೆ ಮೇಷ್ಟ್ರಿಗೆ ಕೈಸನ್ನೆ ಮಾಡಿ ಮತ್ತೆ ಹಾಡತೊಡಗಿದಳು.

ಅವಳು ಮತ್ತೆ ಶುರು ಮಾಡಿದಳಲ್ಲ, ಅದನ್ನು ನಾನು ಮರೆಯಲಾರೆ. ಗಾಜಿನ ಈಚೆಯೂ ಕೇಳಿಸುತ್ತಿತ್ತು, ಪ್ರತಿ ಸಾಲಿಗೂ ಗಾಳಿ. ಅವಳು ತುಟಿಯನ್ನು ಹೇಗೆಹೇಗೋ ಮಡಚಿ ಅದನ್ನು ತಡೆಯಲು ನೋಡಿದಳು. ರೆಕಾರ್ಡಿನವರು ಕೊನೆಗೆ ಕೆಂಪು ದೀಪ ಆರಿಸಿದರು.

"ಅಮ್ಮಾ, ಮೈಕಿಗೆ ಗಾಳಿ ಹೊಡೀತಿದೆ. ಇನ್ನೊಂದು ದಿನ ಇಟ್ಕೊಳ್ಳೋಣ. ನಾವೇ ಫೋನ್ ಮಾಡ್ತೀವಿ. ದಯವಿಟ್ಟು ಬೇಜಾರು ಮಾಡ್ಕೋಬೇಡಿ, ಮೊದಲನೇದು ತುಂಬಾ ಚೆನ್ನಾಗಿ ಬಂದಿದೆ."

ಆ ಮೊದಲನೆಯದು ಏನಾಯಿತೋ ಗೊತ್ತಿಲ್ಲ. ಒಂದೇ ವಚನದಿಂದ ಕಾರ್ಯಕ್ರಮ ಆಗುವುದಿಲ್ಲ. ಅಲ್ಲೆಲ್ಲೋ ಇರಬಹುದು, ಅಳಿಸಿಯೂ ಇರಬಹುದು. ಆಗಲೇ ಕೇಳಿ ಫೋನಿಗೆ ಹಾಕಿಸಿಕೊಳ್ಳಬಹುದಿತ್ತೇನೋ. ನಮಗೆ ಯಾರಿಗೂ ಅದು ಹೊಳೆಯಲಿಲ್ಲ.

ವಾಪಸು ಬರುವಾಗ ಆಟೋ ಸೇತುವೆಯ ಮೇಲೆ ಜನದಟ್ಟಣೆಯಲ್ಲಿ ನಿಂತಿತು. ಕೆಳಗೆ ಭದ್ರಾ ಹೊಳೆ ಬೇಸಿಗೆಗೆ ಬಂಡೆ ತೋರಿಸಿಕೊಂಡು ಬಿದ್ದಿತ್ತು. ಭಾವ, "ಕುಚ್ಚಿನ ದಾರದಲ್ಲಿ ಕಟ್ಟಿಬಿಡೋಣ ಬಾರೆ, ಗಟ್ಟಿಯಾಗಿರುತ್ತೆ," ಎಂದರು. ಅಕ್ಕ ಹೊಳೆಯ ಕಡೆ ನೋಡುತ್ತಿದ್ದಳು. ಅವರು ಆಮೇಲೆ ಹಲ್ಲಿನ ವಿಷಯದಲ್ಲಿ ಯಾವತ್ತೂ ತಮಾಷೆ ಮಾಡಲಿಲ್ಲ.

ಮರುದಿನ ನಾವಿಬ್ಬರೂ ಕ್ಲಿನಿಕ್ಕಿಗೆ ಹೋದೆವು. ಅಕ್ಕ ಸೆರಗಿನ ಗಂಟು ಬಿಚ್ಚಿ ಕ್ಯಾಪನ್ನು ಡಾಕ್ಟರ ಅಂಗೈಯಲ್ಲಿಟ್ಟಳು. ಆ ಹುಡುಗಿಯ ಮುಖ ಬಿಳಿಚಿತು. ಕ್ಯಾಪನ್ನು ದೀಪದ ಕೆಳಗೆ ಹಿಡಿದು, ಒಳಗಿನದನ್ನು ಸಣ್ಣ ಕಡ್ಡಿಯಿಂದ ಕೆರೆದಳು. ಕಲ್ಲಿನಂತಿರಬೇಕಾದದ್ದು ಮೇಣದಂತೆ ಸುರುಳಿ ಸುರುಳಿಯಾಗಿ ಎದ್ದು ಬಂತು.

"ಅಂಚು ಮಾತ್ರ ಗಟ್ಟಿಯಾಗಿದೆ," ಎಂದಳು. ಕ್ಯಾಪನ್ನು ತಟ್ಟೆಯಲ್ಲಿಟ್ಟು, "ಇದೇ ಕಾರಣ ಅಂತ ಆಣೆ ಮಾಡಿ ಹೇಳಕ್ಕಾಗಲ್ಲ ಆಂಟಿ. ಆದ್ರೆ ಸಿಮೆಂಟು ತಣ್ಣಗಿತ್ತು. ತಣ್ಣಗಿದ್ರೆ ದಪ್ಪ ಇರುತ್ತೆ, ತೆಳ್ಳಗೆ ಹರಡಲ್ಲ, ಎರಡು ಪೇಸ್ಟು ಸರಿಯಾಗಿ ಬೆರೆಯೋದೂ ಇಲ್ಲ. ಫ್ರಿಜ್ಜಿಂದ ತೆಗೆದಾಗ ಬೆವರು ಬಂದಿತ್ತಲ್ಲ, ಆ ನೀರು ಸೇರಿದ್ರೂ ಸೇರಿರ್ಬೋದು. ನಾನು ಒಪ್ಕೋಬಾರದಿತ್ತು," ಎಂದಳು.

"ಬಾಯಿ ಬಿಸಿಗೆ ಸರಿಹೋಗ್ಲಿಲ್ವಾ?" ಎಂದೆ ನಾನು.

"ಶುರುವಲ್ಲೇ ಹದ ತಪ್ಪಿದ್ರೆ ಆಮೇಲಿನ ಬಿಸಿ ಎಲ್ಲಾನೂ ಸರಿ ಮಾಡಲ್ಲ ಆಂಟಿ."

ಅಕ್ಕ ಏನೋ ಲೆಕ್ಕ ಹಾಕುತ್ತಿದ್ದಳು. ಕೊನೆಗೆ ಹೇಳಿದಳು: "ಅಂದ್ರೆ ರಾಹುಕಾಲ ಮುಗಿಯೋತನಕ ಇಲ್ಲೇ ಕೂತಿದ್ರೆ ಅದೂ ಬೆಚ್ಚಗಾಗಿರೋದು."

ಡಾಕ್ಟರು ಕಡ್ಡಿಯನ್ನು ಬಟ್ಟೆಗೆ ಒರೆಸಿದಳು.

"ಮುಂಚೆ ಮಾಡ್ಸೋದರ ಬದ್ಲು ಆಮೇಲೆ ಮಾಡ್ಸಿದ್ರೆ ಆಗಿಹೋಗಿತ್ತು. ರಾಹುನೂ ಕಳೀತಿದ್ದ, ಸಿಮೆಂಟೂ ಕಾಯ್ತಿತ್ತು. ಅಲ್ವೇನೇ?" ಎಂದು ನನ್ನ ಕಡೆ ತಿರುಗಿ ನಕ್ಕಳು. ನಕ್ಕಾಗ ಬಾಯಿಗೆ ಕೈ ಅಡ್ಡ ಬಂತು.

ನನ್ನ ಅಡುಗೆಮನೆಯಲ್ಲಿ ಹಿಟ್ಟು ಹೊರಗಿಡದೆ ಒಂದು ದಿನವೂ ದೋಸೆ ಹುಯ್ದವಳಲ್ಲ ನಾನು. ಅವತ್ತು ಆ ನೀರು ಮೂಡಿದ ಸಿರಿಂಜನ್ನು ನೋಡುತ್ತ ಕೂತಿದ್ದೆ. ನಾನು ಏನಾದರೂ ಹೇಳಿದ್ದರೂ ಅಕ್ಕ ಕೇಳುತ್ತಿದ್ದಳೆಂದು ನನಗನ್ನಿಸುವುದಿಲ್ಲ. ಮೇಷ್ಟ್ರಿಗೆ ಫೋನು ಮಾಡಿ ಸಂಜೆ ಬನ್ನಿ ಎನ್ನಬಹುದಿತ್ತು. ಊಟಕ್ಕೆ ನನ್ನ ಮನೆಯಲ್ಲೇ ನಿಲ್ಲಿಸಿಕೊಳ್ಳಬಹುದಿತ್ತು. ಎಷ್ಟು ಸಣ್ಣ ಸಣ್ಣ ಸಂಗತಿಗಳು! ಅವು ಈಗ ಮೆಣಸಿನಕಾಯಿ ತೊಟ್ಟು ಬಿಡಿಸುವಾಗಲೆಲ್ಲ ಒಂದೊಂದಾಗಿ ನೆನಪಾಗುತ್ತವೆ.

ಡಾಕ್ಟರು ಅವತ್ತು ಬೇರೆ ಸಿಮೆಂಟು ತೆಗೆದು, ಅದು ಕೋಣೆಯ ಹದಕ್ಕೆ ಬರುವವರೆಗೆ ಕಾದು, ಏಸಿಯನ್ನೂ ಆರಿಸಿ, ಬೆವರುತ್ತಲೇ ಹಲ್ಲು ಕೂರಿಸಿದಳು. ಅದು ಇವತ್ತಿಗೂ ಅಲ್ಲಾಡಿಲ್ಲ. ಅಕ್ಕ ಅದರಲ್ಲಿ ಕೋಡುಬಳೆಯನ್ನೂ ಕಚ್ಚುತ್ತಾಳೆ. ದಾರಕ್ಕೆ ಮಾತ್ರ ಕತ್ತರಿ.

ಶ್ರಾವಣದಲ್ಲಿ ರೇಡಿಯೋದವರು ಹೇಳಿದಂತೆಯೇ ಫೋನು ಮಾಡಿದರು. ಅಕ್ಕ ಗಂಟಲು ಸರಿಯಿಲ್ಲವೆಂದಳು. ದೀಪಾವಳಿ ಕಳೆದ ಮೇಲೆ ಮತ್ತೊಮ್ಮೆ ಮಾಡಿದರು. ಮತ್ತೆ ಗಂಟಲು. ಆಮೇಲೆ ಅವರು ಮಾಡಲಿಲ್ಲ. ಗಂಟಲಿಗೆ ಏನೂ ಆಗಿರಲಿಲ್ಲ. ಅವಳು ಒಮ್ಮೆ ಕುಚ್ಚು ಕಟ್ಟುತ್ತ ನನಗೆ ಹೇಳಿದಳು.

"ಸಾಲು ಶುರು ಮಾಡೋಕೆ ಮುಂಚೆ ನಾಲಿಗೆ ಹೋಗಿ ಹಲ್ಲನ್ನ ಮುಟ್ಟಿ ನೋಡುತ್ತೆ ಕಣೇ. ಇದೆಯಾ ಅಂತ. ಪ್ರತಿ ಸಾಲಿಗೂ. ಅದು ನೋಡ್ಕೊಂಡು ಬರೋದ್ರೊಳಗೆ ತಾಳ ಮುಂದೆ ಹೋಗಿರುತ್ತೆ."

"ಅದು ಗಟ್ಟಿಯಾಗಿದೆಯಲ್ಲೇ, ಡಾಕ್ಟ್ರು ಎಳೆದು ನೋಡಿದ್ರಲ್ಲ."

"ನಂಗ್ ಗೊತ್ತು. ನಾಲಿಗೆಗೆ ಹೇಳು."

ಸೋಮವಾರದ ಹಜಾರಕ್ಕೂ ಮೆಲ್ಲಮೆಲ್ಲಗೆ ಹೋಗುವುದು ಬಿಟ್ಟಳು. ಹೋದರೂ ಗುಂಪಿನಲ್ಲಿ ದನಿ ಸೇರಿಸುತ್ತಾಳೆ, ಒಬ್ಬಳೇ ಹಾಡುವುದಿಲ್ಲ. ಭಾವ ಬೆಳಿಗ್ಗೆ ರೇಡಿಯೋ ಹಾಕುವುದನ್ನು ನಿಲ್ಲಿಸಿದ್ದಾರೆ. ಪೇಪರು ಓದುತ್ತಾರೆ.

ಈ ಬೇಸಿಗೆಯಲ್ಲಿ ನನ್ನದೇ ದವಡೆ ಹಲ್ಲಿಗೆ ಕ್ಯಾಪು ಹಾಕಿಸಬೇಕಾಯಿತು. ಡಾಕ್ಟರು ಬುಧವಾರ ಮಧ್ಯಾಹ್ನ ಬನ್ನಿ ಎಂದಳು. ಜೊತೆಗೆ ಇರುತ್ತೇನೆಂದು ಅಕ್ಕ ಭದ್ರಾವತಿಯಿಂದ ಬಂದಳು. ಬುಧವಾರ ಹನ್ನೆರಡರಿಂದ ರಾಹುಕಾಲ. ಅವಳು ಅದನ್ನು ಹೇಳಲಿಲ್ಲ. ಅವಳಿಗೆ ಗೊತ್ತಿತ್ತೆಂದು ನನಗೆ ಗೊತ್ತಿತ್ತು.

ನಾವು ಹೋದಾಗ ಡಾಕ್ಟರು ಸಪ್ಪೆ ಮುಖದಿಂದ ಕ್ಷಮೆ ಕೇಳಿದಳು. ಬೆಳಿಗ್ಗೆ ಹೊರಗಿಟ್ಟಿದ್ದ ಸಿಮೆಂಟು ಮುಗಿದುಹೋಗಿತ್ತಂತೆ. ಹೊಸದನ್ನು ಈಗಷ್ಟೇ ಫ್ರಿಜ್ಜಿನಿಂದ ತೆಗೆದಿದ್ದಳು. "ಒಂದು ಗಂಟೆ ಕಾಯ್ತೀರಾ ಆಂಟಿ? ಇಲ್ಲಾಂದ್ರೆ ನಾಳೆ ಬನ್ನಿ." ಹಾಗೆನ್ನುವಾಗ ಅವಳು ನೋಡಿದ್ದು ನನ್ನನ್ನಲ್ಲ.

"ಕಾಯ್ತೀವಿ," ಎಂದಳು ಅಕ್ಕ.

ಸಿರಿಂಜು ನಮ್ಮ ಎದುರಿನ ಮೇಜಿನ ಮೇಲಿತ್ತು. ಮೊದಲು ಅದರ ಮೈಮೇಲೆ ಮಂಜು ಕವಿಯಿತು, ಆಮೇಲೆ ಹನಿ ಕೂಡಿತು, ಹನಿ ಜಾರಿ ತಟ್ಟೆಯ ಮೇಲೆ ಸಣ್ಣ ಒದ್ದೆ ಮಾಡಿತು, ಆಮೇಲೆ ಅದೂ ಆರಿತು. ಅಕ್ಕ ಚೀಲದಿಂದ ಸೀರೆ ತೆಗೆದು ಎರಡು ಕುಚ್ಚು ಕಟ್ಟಿದಳು. ನಾನು ಮಾವಿನಮಿಡಿಯ ಉಪ್ಪಿನಕಾಯಿಯ ಬಗ್ಗೆ ಏನೋ ಹೇಳಿದೆ. ಅವಳು ಏನೋ ಹೇಳಿದಳು. ಡಾಕ್ಟರು ಒಮ್ಮೆ ಬಂದು, "ಆಂಟಿ, ಈಗ ಹಾಡ್ತೀರಾ?" ಎಂದು ಕೇಳಿದಳು. ಅಕ್ಕ ಕುಚ್ಚಿನಿಂದ ಕಣ್ಣೆತ್ತದೆ, "ಎಲ್ಲಮ್ಮ, ಗಂಟಲು," ಎಂದಳು. ಡಾಕ್ಟರು ಒಳಗೆ ಹೋದಳು. ಹೊರಗೆ ಕಲ್ಲಂಗಡಿ ಮಾರುವವನು ಗಾಡಿಯನ್ನು ನೆರಳಿಗೆ ತಳ್ಳಿಕೊಂಡ.

ಸ್ವಲ್ಪ ಹೊತ್ತಿನ ಮೇಲೆ ಡಾಕ್ಟರು ಸಿರಿಂಜನ್ನು ಎತ್ತಿಕೊಂಡು ಕೆನ್ನೆಗೆ ತಾಗಿಸಿ, "ಬನ್ನಿ ಆಂಟಿ, ಹದವಾಗಿದೆ," ಎಂದು ನನ್ನನ್ನು ಕರೆದಳು.

ಅಕ್ಕ ಗೋಡೆಯ ಗಡಿಯಾರದ ಕಡೆ ನೋಡಿದಳು. ಸೂಜಿ ಹಿಡಿದ ಕೈ ಹಾಗೇ ನಿಂತಿತು.

"ಇಷ್ಟೇನಾ?" ಎಂದಳು. "ಒಂದು ಗಂಟೆ ಅಂದ್ರೆ ಇಷ್ಟೇನಾ?"